ಡಿಸ್ಕಿಗೆ ಹೋಗದೆ ನಿಂತದ್ದು

ತಂಗಿಯ ಪ್ರಯೋಗಾಲಯದ ಕಂಪ್ಯೂಟರು ಕೆಟ್ಟಿರಲಿಲ್ಲ, ನಿಂತಿತ್ತು. ಪರದೆ ಹೊಳೆಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಡಿಸ್ಕಿಗೆ ಬರೆಯಲು ಹೋದ ಕೆಲಸಗಳು ಮಾತ್ರ ಹೋದಲ್ಲೇ ಗರ ಬಡಿದಂತೆ ಕೂತಿದ್ದವು. ಕೊಲ್ಲಲು ಹೋದರೂ ಸಾಯುತ್ತಿರಲಿಲ್ಲ.

ಬೆಳಗಿನ ಅಳತೆಯೆಲ್ಲ ಇನ್ನೂ ಮೆಮೊರಿಯಲ್ಲೇ ಇತ್ತು. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಅಷ್ಟೂ ನೀರುಪಾಲು. ಮತ್ತೆ ಅಳೆಯೋಣವೆಂದರೆ ಅಂಗಾಂಶದ ಚೂರು ಅಳತೆಯಲ್ಲೇ ಕರಗಿಹೋಗಿತ್ತು. ಅದು ಅಪರೂಪದ ಕಾಯಿಲೆಯಿಂದ ತೀರಿಕೊಂಡ ಒಬ್ಬನದು. ಮಕ್ಕಳಿಗೂ ಬಂದೀತೇ ಎಂದು ಅವನ ಹೆಂಡತಿ ಕೇಳಿದ್ದಳು. ಉತ್ತರ ಸಿಗುವುದಿದ್ದರೆ ಆ ಅಂಕಿಗಳಲ್ಲೇ ಸಿಗಬೇಕಿತ್ತು. "ಇನ್ನೊಂಚೂರು ಕೊಡಿ ಅಂತ ಸತ್ತವರನ್ನ ಹೋಗಿ ಕೇಳೋಕಾಗಲ್ಲ," ಎಂದು ತಂಗಿ ಫೋನಿನಲ್ಲಿ ನಕ್ಕಿದ್ದಳು. ಆ ನಗು ಕೇಳಿಯೇ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಳು.

ಅಕ್ಕ ಕರ್ನಲ್ ಕೆಲಸದವಳು. ಕಂಪ್ಯೂಟರಿನೊಳಗೆ ಯಾರಿಗೆ ಎಷ್ಟು ಮೆಮೊರಿ, ಯಾರ ಬರಹ ಮೊದಲು ಡಿಸ್ಕಿಗೆ ಎಂದು ಅಪ್ಪಣೆ ಕೊಡುವ ಯಜಮಾನನೇ ಕರ್ನಲ್. ಮನೆಯಲ್ಲಿ ಅವಳಿಗೆ ಪತ್ತೇದಾರಮ್ಮ ಎಂದು ಹೆಸರು. ಇಸ್ತ್ರಿಪೆಟ್ಟಿಗೆ ಕೆಟ್ಟರೂ ಕಾರಣ ತಿಳಿಯುವ ತನಕ ಯಾರಿಗೂ ಕೈ ಹಚ್ಚಲು ಬಿಡುತ್ತಿರಲಿಲ್ಲ.

ತಂಗಿ ಕುರ್ಚಿ ಬಿಟ್ಟುಕೊಟ್ಟಳು. "ಅಕ್ಕಾ, ಫೈಲು ತೆಗೆದ್ರೆ ಅಂಕಿ ಎಲ್ಲಾ ಕಾಣ್ತಿದೆ. ಮೊದ್ಲು ಬೇರೆ ಕಂಪ್ಯೂಟರಿಗೆ ಕಾಪಿ ಮಾಡ್ಕೊಂಡುಬಿಡ್ಲಾ?"

"ಏನೂ ಮುಟ್ಬೇಡ. ನಿಂತಿದ್ದು ನಿಂತ ಹಾಗೇ ಇರ್ಬೇಕು. ಅಲ್ಲಾಡಿಸಿದ್ರೆ ಯಾಕೆ ನಿಂತಿತು ಅಂತ ಈ ಜನ್ಮದಲ್ಲಿ ಗೊತ್ತಾಗಲ್ಲ."

ಅವಳ ಕಸುಬಿನವರಿಗೆಲ್ಲ ಅದು ಮೊದಲ ಪಾಠ. ತಂಗಿ ಕೈಕಟ್ಟಿ ನಿಂತಳು.

ಅಕ್ಕ ಒಂದೊಂದೇ ಕೆಲಸದ ಬೆನ್ನು ಹತ್ತಿದಳು. ಇದು ಅದಕ್ಕೆ ಕಾಯುತ್ತಿದೆ, ಅದು ಮತ್ತೊಂದಕ್ಕೆ. ಕೊನೆಗೆ ಎಲ್ಲವೂ ಡಿಸ್ಕಿನ ಸರದಿಯ ಬಾಗಿಲಲ್ಲಿ ನಿಂತಿದ್ದವು. ಡಿಸ್ಕು ಮಾತಾಡುವುದನ್ನು ಬಿಟ್ಟಾಗ ಅದನ್ನು ಎಚ್ಚರಿಸಲೆಂದು ಕರ್ನಲ್ ಬಾಗಿಲು ಹಾಕಿತ್ತು. ಎಚ್ಚರಿಸುವುದು ವಿಫಲವಾಗಿತ್ತು. ವಿಫಲವಾದರೆ ಬಾಗಿಲು ತೆಗೆಯಬೇಕೆಂದು ಕರ್ನಲ್ ಬರೆದವರು ಯಾರೂ ಬರೆದಿರಲಿಲ್ಲ. ಅಕ್ಕನ ಮುಖ ಅರಳಿತು. ಬಾಗಿಲು ಹಾಕಿದವನು ಬೀಗ ತೆಗೆಯದೆ ಮನೆಗೆ ಹೋಗಿದ್ದಾನೆ, ನಾನೇ ತೆಗೆಯುತ್ತೇನೆ ನೋಡು ಎಂದಳು. ಒಂದೇ ಸಾಲಿನ ಆಜ್ಞೆ.

ನಿಂತಿದ್ದ ಕೆಲಸಗಳೆಲ್ಲ ಒಮ್ಮೆಗೇ ಹರಿದವು. ತಂಗಿ ಅಕ್ಕನ ಭುಜ ಹಿಡಿದುಕೊಂಡಳು.

ಆಮೇಲೆ ಪರದೆಯ ತುಂಬ ಅದೇ ಸಾಲು ಬರತೊಡಗಿತು: ಬರೆಯಲಾಗಲಿಲ್ಲ, ಬರೆಯಲಾಗಲಿಲ್ಲ. ಡಿಸ್ಕು ಬೆಳಿಗ್ಗೆಯೇ ಸತ್ತಿತ್ತು. ಎಚ್ಚರಿಸುವುದು ವಿಫಲವಾಯಿತು ಎಂದು ಓದಿದವಳು ಅಕ್ಕನೇ. ಅದರ ಅರ್ಥ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲು ಮುಚ್ಚಿದ್ದರಿಂದಲೇ ಅಂಕಿಗಳು ಅಷ್ಟು ಹೊತ್ತು ಮೆಮೊರಿಯಲ್ಲಿ ಉಳಿದಿದ್ದವು. ಡಿಸ್ಕು ಒಲ್ಲೆನೆಂದದ್ದೇ ಕರ್ನಲ್ ಅವನ್ನು ಕೈಬಿಟ್ಟಿತು. ತಂಗಿ ಬಗ್ಗಿ ಫೈಲು ತೆಗೆಯಲು ನೋಡಿದಳು. ತೆರೆಯಲಿಲ್ಲ. ಅಕ್ಕ ಮೆಮೊರಿಯನ್ನು ಜಾಲಾಡಿದಳು. ಆ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು.

ತಪ್ಪು ಸಿಕ್ಕಿದೆ, ಇನ್ನು ಯಾರಿಗೂ ಹೀಗಾಗದಂತೆ ಸರಿಮಾಡಬಹುದು ಎಂದು ಅಕ್ಕ ಹೇಳುತ್ತಾ ಹೋದಳು. ಕೇಳುವವರಿಲ್ಲವೆಂದು ತಿಳಿದು ನಿಲ್ಲಿಸಿದಳು.

ತಂಗಿ ಕಿಟಕಿಯ ಕಡೆ ನೋಡುತ್ತಿದ್ದಳು. "ಅವರ ಹೆಂಡ್ತಿಗೆ ನೀನೇ ಹೇಳು ಅಕ್ಕ. ನಂಗಾಗಲ್ಲ."

ಅಕ್ಕ ನಂಬರು ಕೇಳಿದಳು.