ಐಬಿಲ್ಲದ ಗಾಡಿ

ಮೂರು ಸೆಕೆಂಡಿನಲ್ಲಿ ಸೊನ್ನೆಯಿಂದ ನಲವತ್ತರ ವೇಗಕ್ಕೆ ಜಿಗಿಯುವ ಕರೆಂಟಿನ ಸ್ಕೂಟರೊಂದು ಬಿಳಿಚೋಡಿನ ಒಬ್ಬ ಸೊಸೆಯ ದಿನಬಳಕೆಗೆ ಯೋಗ್ಯವೋ ಅಲ್ಲವೋ ಎಂಬ ಗಹನವಾದ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಶನಿವಾರ ಬೆಳಿಗ್ಗೆ ಜುಂಜಪ್ಪನ ಅಂಗಳದಲ್ಲಿ ನಾಲ್ವರು ಗಂಡಸರು ಸೇರಿದ್ದರು. ಸೊಸೆ ಅರುಣಾ ಒಳಗೆ ಅವರಿಗೆ ಚಹಾ ಸೋಸುತ್ತಿದ್ದಳು.

ಅಧ್ಯಕ್ಷತೆ ಮಾವ ಜುಂಜಪ್ಪನದು. ಐವತ್ತು ವರ್ಷ ಕುರಿ ಕಾಯ್ದವನು. ಟಗರಿನ ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳಬಲ್ಲವನು. ತಜ್ಞರ ಸ್ಥಾನದಲ್ಲಿ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯ ಮಾರುತಿ ಇದ್ದ. ಬ್ಯಾಟರಿ ಗಾಡಿಯ ಬಗ್ಗೆ ಅವನಿಗೆ ತಿಳಿದದ್ದು ಅದಕ್ಕೂ ಎರಡು ಟೈರು ಇರುತ್ತವೆ ಎಂಬುದಷ್ಟೆ. ಅರುಣಾಳ ಗಂಡ ವಿನೋದ್ ಆಗಲೇ ಸೀಟಿನ ಮೇಲೆ ಕೂತು ಗಾಡಿಯ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ನಾಲ್ಕನೆಯವನು ಜಗಳೂರಿನ ಶೋರೂಮಿನ ವಿನಯ್ ಕುಮಾರ್. ಹೊಸ ಮಾಡೆಲ್ಲನ್ನು ದಿನವೂ ಓಡಾಡುವ ಜನರಿಗೆ ಎರಡು ದಿನ ಕೊಟ್ಟು, ಅವರಿಂದ ಅಭಿಪ್ರಾಯದ ಫಾರಂ ತುಂಬಿಸಿಕೊಳ್ಳುವ ಯೋಜನೆಯೊಂದು ಶೋರೂಮಿನಲ್ಲಿ ನಡೆಯುತ್ತಿತ್ತು. ಫಾರಮ್ಮಿನ ಮೇಲೆ, ಸವಾರರ ಹೆಸರು ಎಂಬಲ್ಲಿ, ಅರುಣಾ ಎಂದು ಬರೆದಿತ್ತು. ಒಪ್ಪಿಗೆಯಾದರೆ ಇದೇ ಗಾಡಿ ಇಟ್ಟುಕೊಳ್ಳಬಹುದು, ಕಾಗದಪತ್ರ ಸೋಮವಾರ.

"ಎರಡೇ ದಿನಾನ?" ಎಂದ ಜುಂಜಪ್ಪ. "ಮೂರು ದಿನ ಕಟ್ಟಿ ನೋಡ್ದೆ ನಾನು ಟಗರೂ ತಂದೋನಲ್ಲ ಕಣಪ್ಪ. ಮೊದಲ್ನೇ ದಿನ ಎಲ್ಲಾವೂ ಚೆನ್ನಾಗೇ ಮೇಯ್ತಾವೆ."

"ಇದು ಮೇಯಂಗಿಲ್ಲ ಯಜಮಾನ್ರೆ. ಮಲಗೋವಾಗ ಚಾರ್ಜಿಗೆ ಹಾಕಿದ್ರೆ ಸಾಕು."

"ಮೇಯ್ದೆ ಓಡ್ತೈತೆ ಅಂದ್ರೆ ಇನ್ನೂ ಅನುಮಾನ."

ಅರುಣಾ ಪಶುಸಖಿ. ಸುತ್ತಿನ ಹಟ್ಟಿಗಳ ಕುರಿ ಮೇಕೆಗಳಿಗೆ ಜಂತಿನ ಔಷಧಿ ಕುಡಿಸುವುದು, ಲಸಿಕೆಯ ಐಸ್ ಪೆಟ್ಟಿಗೆ ಹೊರುವುದು, ಕುಂಟುವ ಮರಿಯ ಗೊರಸು ನೋಡುವುದು ಅವಳ ಕೆಲಸ. ನಾಲ್ಕು ವರ್ಷದಿಂದ ಹೋಗುತ್ತಿದ್ದುದು ವಿನೋದನ ಬೈಕಿನ ಹಿಂದೆ ಕೂತು, ವಿನೋದನಿಗೆ ಮನಸ್ಸು ಬಂದ ದಿನ. ಆ ಬೈಕಿನ ಸೈಲೆನ್ಸರನ್ನು ಅವನು ಆಸೆಪಟ್ಟು ಬದಲಾಯಿಸಿಕೊಂಡಿದ್ದ. ಇವರು ಹಟ್ಟಿ ಮುಟ್ಟುವಷ್ಟರಲ್ಲಿ ಅದರ ಸದ್ದಿಗೆ ಬೆದರಿ ಕುರಿಗಳು ಗುಡ್ಡ ಹತ್ತಿರುತ್ತಿದ್ದವು. ಅವನ್ನು ಇಳಿಸಿಕೊಂಡು ಬರುವಷ್ಟರಲ್ಲಿ ಪೆಟ್ಟಿಗೆಯ ಐಸು ನೀರಾಗಿರುತ್ತಿತ್ತು.

ಈಗ ಐದು ಪಂಚಾಯಿತಿಗಳ ಪಶುಸಖಿಯರ ಮೇಲ್ವಿಚಾರಕಿಯ ಜಾಗ ಖಾಲಿಯಾಗಿತ್ತು. ಪಟ್ಟಿಯಲ್ಲಿ ಅರುಣಾಳ ಹೆಸರೇ ಮೊದಲು. ಆದರೆ ಸ್ವಂತ ಗಾಡಿ ಇರಬೇಕು, ತಾನೇ ಓಡಿಸಬೇಕು, ಸೋಮವಾರ ಹತ್ತರೊಳಗೆ ಜಗಳೂರಿಗೆ ಬಂದು ಅದನ್ನು ತೋರಿಸಬೇಕು. ತಪ್ಪಿದರೆ ಪಟ್ಟಿಯ ಎರಡನೆಯ ಹೆಸರು. ಸಂಘದ ಸಾಲ ಅವಳ ಹೆಸರಿಗೆ ಮಂಜೂರಾಗಿತ್ತು. ತವರೂರು ಸವಳಂಗದಲ್ಲಿ ಅಣ್ಣನ ಸ್ಕೂಟರ್ ಓಡಿಸಿ ಕಲಿತು ಲೈಸೆನ್ಸನ್ನೂ ತೆಗೆದಿಟ್ಟುಕೊಂಡಿದ್ದಳು. ಆಗಬೇಕಾದದ್ದು ಮನೆಯ ಒಪ್ಪಿಗೆ ಮಾತ್ರ, ಮತ್ತು ಅದಕ್ಕೆ ಅರ್ಜಿ ಹಾಕುವ ಆಫೀಸು ಯಾವ ತಾಲ್ಲೂಕಿನಲ್ಲೂ ಇಲ್ಲ.

ಜುಂಜಪ್ಪನ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಜೀವ ಹಟ್ಟಿಗೆ ಬಂದರೆ ಅದರ ಪರೀಕ್ಷೆ ಮುಗಿಯುವ ತನಕ ಹೆಂಗಸರು ಹಗ್ಗ ಹಿಡಿಯುವಂತಿಲ್ಲ. ಅದು ಸ್ಕೂಟರಿಗೂ ಉಂಟೇ ಎಂದು ಅತ್ತೆ ಸಾವಂತ್ರಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಹ್ಯಾಂಡ್ಲು ಅಂದ್ರೇನು? ಹಗ್ಗ ತಾನೆ?" ಎಂದ ಜುಂಜಪ್ಪ.

ಹೀಗಾಗಿ ದಿನಬಳಕೆಯ ಸವಾರಳನ್ನು ಬಿಟ್ಟು ಮಿಕ್ಕವರೆಲ್ಲ ಗಾಡಿಯನ್ನು ಪರೀಕ್ಷಿಸತೊಡಗಿದರು. ಜುಂಜಪ್ಪ ಟಗರಿನ ಸೊಂಟ ಒತ್ತಿ ನೋಡುವಂತೆ ಸೀಟು ಒತ್ತಿದ, ಬಗ್ಗಿ ಹಿಂಭಾಗ ನೋಡಿದ, ಹೆಡ್‌ಲೈಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಕಣ್ಣಲ್ಲಿ ಕಣ್ಣಿಟ್ಟ. ವಿನೋದ್ ಎಲ್ಲಕ್ಕಿಂತ ಜೋರಿನ ಬಟನ್ ಒತ್ತಿ ಜಗಳೂರಿನ ತನಕ ಹೋಗಿ, ಬಂದು, ಹೋದದ್ದು ಯಾರಿಗೂ ಸರಿಯಾಗಿ ಕಾಣಿಸಿರಲಿಕ್ಕಿಲ್ಲವೆಂದು ಇನ್ನೊಮ್ಮೆ ಹೋಗಿ ಬಂದ. ಮಧ್ಯಾಹ್ನ ಎರಡು ಮೂಟೆ ಕುರಿ ಹಿಂಡಿಯನ್ನು ಕಾಲ ಬಳಿ ತುರುಕಿ, ಅಪ್ಪ, ಮಗ, ಮಾರುತಿ ಮೂವರೂ ಏರಿ, ಗುಡ್ಡದ ದಾರಿ ಹಿಡಿದರು. ಅರ್ಧ ಏರಿನಲ್ಲಿ ಗಾಡಿ ನಿಂತಿತು. ತಜ್ಞ ಇಳಿದು ತಳ್ಳಿದ.

ಸಂಜೆಗೆ ಚಾರ್ಜು ನೂರರಿಂದ ಒಂಬತ್ತಕ್ಕೆ ಇಳಿದಿತ್ತು.

"ಮೂರು ಜನ, ಎರಡು ಮೂಟೆ ಹೊತ್ಕಂಡು ಗುಡ್ಡ ಹತ್ತಲ್ಲ," ಎಂದು ಮಾರುತಿ ವರದಿ ಒಪ್ಪಿಸಿದ.

"ನಾನೊಬ್ಳೇ ಹೋಗೋದು ಕಣಣ್ಣ," ಎಂದಳು ಅರುಣಾ.

"ಒಬ್ಳೇ ಹೋಗ್ತಾಳಂತೆ, ಕೇಳಿಸ್ಕಂಡೇನವ್ವ?" ವಿನೋದ್ ತಾಯಿಗೆ ಹೇಳಿ, ಹೆಂಡತಿಯ ಕಡೆ ತಿರುಗಿದ. "ಇದರ ಪಿಕಪ್ ನೋಡಿದೀಯೇನೆ? ನಿನ್ ಕೈಗೆ ಕೊಟ್ರೆ ಒಂದೇ ತಿರುವಿಗೆ ಬೇಲಿ ಆಚೆ ಬಿದ್ದಿರ್ತೀಯ."

"ಮೆಲ್ಲಗೆ ಹೋಗೋ ಬಟನ್ನೂ ಐತಂತಲ್ರೀ."

"ಮೆಲ್ಲಗೆ ಹೋಗಾಕೆ ಇಂಥ ಗಾಡಿ ಯಾಕೆ ಬೇಕು?"

ಅವಸರವಾಗಿ ಹೋಗಬೇಕಾದ ಜಾಗ ಈ ಹತ್ತು ವರ್ಷದಲ್ಲಿ ಒಂದೂ ಇಲ್ಲದಿದ್ದ ವಿನೋದನಿಗೆ ಇದು ನಿಜಕ್ಕೂ ಅರ್ಥವಾಗಿರಲಿಲ್ಲ.

ಭಾನುವಾರ ಮೂಡಲು ಕೆಂಪಾಗುವ ಹೊತ್ತಿಗೆ ಅರುಣಾ ಚಾರ್ಜಿನ ವೈರು ಕಿತ್ತು, ಔಷಧಿಯ ಚೀಲವನ್ನೂ ಐಸ್ ಪೆಟ್ಟಿಗೆಯನ್ನೂ ಕಾಲ ಬಳಿ ಇಟ್ಟು, ಗಾಡಿಯನ್ನು ಬೀದಿಯ ತನಕ ತಳ್ಳಿಕೊಂಡು ಹೋದಳು. ತಳ್ಳಬೇಕಾಗಿರಲಿಲ್ಲ, ಶುರು ಮಾಡಿದರೂ ಅದು ಉಸಿರೆತ್ತುತ್ತಿರಲಿಲ್ಲ. ಮೆಲ್ಲಗಿನ ಬಟನ್ ಒತ್ತಿ ಕೆರೆ ಏರಿಯ ಮೇಲೆ ಸಾಗಿದಾಗ ಕೇಳಿಸಿದ್ದು ಟೈರಿನಡಿಯ ಹರಳುಕಲ್ಲು, ತನ್ನದೇ ಸೆರಗಿನ ಪಟಪಟ.

ಸಣ್ಣತಿಮ್ಮಪ್ಪನ ಹಟ್ಟಿಯಲ್ಲಿ ಅರವತ್ತು ಕುರಿಗಳು ಬೇಲಿಯೊಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಅವಳು ಬೇಲಿಗೆ ತಾಗಿಸಿ ಗಾಡಿ ನಿಲ್ಲಿಸಿದಳು. ಒಂದು ಕುರಿಯೂ ಏಳಲಿಲ್ಲ. ಸಣ್ಣತಿಮ್ಮಪ್ಪನ ತಾಯಿ ಉಚ್ಚಂಗಮ್ಮ ಗುಡಿಸಲಿನಿಂದ ಹೊರಗೆ ಬಂದವಳು ಎದೆ ಮೇಲೆ ಕೈಯಿಟ್ಟುಕೊಂಡಳು.

"ಯವ್ವಾ, ಯಾವಾಗ ಬಂದ್ಯೇ? ನಾಯೀನೂ ಬೊಗಳ್ಲಿಲ್ಲ!"

"ಈಗ್ಲೇ ಕಣಜ್ಜಿ."

"ನಿನ್ ಗಂಡನ ಫಟಫಟಿ ಎಲ್ಲಿ?"

"ಮಲಗೈತೆ."

ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅರ್ಧ ದಿನದ ಕೆಲಸ ಒಂದೂವರೆ ತಾಸಿನಲ್ಲಿ ಮುಗಿಯಿತು. ಪೆಟ್ಟಿಗೆಯ ಐಸು ಹಾಗೇ ಇತ್ತು. ಮರಳುವಾಗ ಚಾರ್ಜು ತೊಂಬತ್ತೊಂದು.

ಮನೆಯ ಮುಂದಿನ ಕಟ್ಟೆಯ ಮೇಲೆ ಜುಂಜಪ್ಪ ಬೀದಿಗೆ ಬೆನ್ನು ಮಾಡಿ ಬೇವಿನಕಡ್ಡಿ ಅಗಿಯುತ್ತಿದ್ದ. ಇನ್ನೂರು ಕುರಿಯ ನಡುವೆ ಮಲಗಿ, ಒಂದು ಕುರಿ ರೊಪ್ಪದ ಬೇಲಿ ದಾಟಿದರೂ ನಿದ್ದೆಯಲ್ಲೇ ಎದ್ದು ಕೂರುತ್ತಿದ್ದ ಕಿವಿ ಅದು. ಗಾಡಿ ಅವನಿಂದ ಮೂರು ಮಾರು ದೂರದಲ್ಲಿ ನಿಂತಿತು.

"ಮಾವ," ಎಂದಳು ಅರುಣಾ.

ಜುಂಜಪ್ಪ ಬೆಚ್ಚಿ ಬಿದ್ದ. ಕಡ್ಡಿ ಕೈಯಿಂದ ಜಾರಿತು. ಅವಳನ್ನು ನೋಡಿದ, ಗಾಡಿಯನ್ನು ನೋಡಿದ, ಬಂದ ದಾರಿಯನ್ನು ನೋಡಿದ. ಹಗ್ಗ ಹಿಡಿದದ್ದರ ಬಗ್ಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಸಂಜೆ ವಿನಯ್ ಕುಮಾರ್ ಫಾರಂ ಹಿಡಿದು ಬಂದ. ಸಭೆ ಮತ್ತೆ ಕೂತಿತು. ವಿನೋದ್ ತನ್ನ ತೀರ್ಮಾನವನ್ನು ಮೊದಲೇ ಸಿದ್ಧಮಾಡಿಕೊಂಡಿದ್ದ.

"ಗಾಡಿ ನಂಗಿರ್ಲಿ ಬಿಡಪ್ಪ. ಇವಳನ್ನ ನಾನೇ ಕರ್ಕಂಡು ಹೋಗ್ತೀನಿ, ಕರ್ಕಂಡು ಬರ್ತೀನಿ. ಇಂಥ ಗಾಡಿ ಹೆಂಗಸ್ರು ಕೈಲಿ ನಿಲ್ಲಲ್ಲ."

"ನಿಲ್ತೈತೆ," ಎಂದಳು ಅರುಣಾ. ಕೈಯಲ್ಲಿ ಚಹಾದ ತಟ್ಟೆ ಇತ್ತು. "ಬೆಳಿಗ್ಗೆ ಸಣ್ಣತಿಮ್ಮಪ್ಪಣ್ಣನ ಹಟ್ಟಿಗೆ ಹೋಗಿದ್ದೆ. ಅರವತ್ತಕ್ಕೂ ಲಸಿಕೆ ಹಾಕಿ ಬಂದೆ."

ವಿನೋದ್ ಎದ್ದು ನಿಂತ. "ಯಾರನ್ನ ಕೇಳಿ ಹೋದೆ?"

"ಕುರಿ ಬೆದರಿದ್ವಾ?" ಎಂದು ಕೇಳಿದವನು ಜುಂಜಪ್ಪ.

"ಒಂದೂ ಇಲ್ಲ ಮಾವ."

"ನಾಯಿ?"

"ಬೊಗಳ್ಲಿಲ್ಲ."

"ನೀನು ಕೂತ್ಕಳಲೇ," ಎಂದ ಮಗನಿಗೆ. "ನಿನ್ ಕೈಲಿ ಗುಡ್ಡ ಹತ್ಲಿಲ್ಲ. ಇವಳ ಕೈಲಿ ಹಟ್ಟಿ ಮುಟ್ಟಿ ವಾಪಸ್ ಬಂತು. ಗಾಡಿ ಇವಳದೇ."

ಅರುಣಾ ತಟ್ಟೆಯನ್ನು ಕೆಳಗಿಟ್ಟಳು. ಮದುವೆಯಾಗಿ ಈ ಮನೆಗೆ ಬಂದಮೇಲೆ ಯಾವುದೋ ಒಂದು ವಸ್ತುವಿನ ಬಗ್ಗೆ 'ಇವಳದೇ' ಎಂಬ ಮಾತನ್ನು ಅವಳು ಕೇಳಿದ್ದು ಮೊದಲ ಸಲ. ಆವರೆಗೆ ಆ ಮಾತು ತಪ್ಪುಗಳಿಗೆ ಮೀಸಲಾಗಿತ್ತು.

"ಗಾಡಿಗೆ ಐಬಿಲ್ಲ," ಜುಂಜಪ್ಪ ಮುಂದುವರಿಸಿದ. "ಇರೋದು ಒಂದೇ ಐಬು. ಸದ್ದಿಲ್ಲ."

"ಅದೇ ಇದರ ಪ್ಲಸ್ ಪಾಯಿಂಟು ಯಜಮಾನ್ರೆ!" ಎಂದ ವಿನಯ್ ಕುಮಾರ್.

"ನಿಂಗೆ ಪ್ಲಸ್ಸಪ್ಪ. ನಿನ್ ಮನೆ ಸೊಸೆ ಅಲ್ವಲ್ಲ. ನಮ್ಮನೆ ಹೆಣ್ಮಗಳು ಯಾವಾಗ ಹೋದ್ಲು, ಯಾವಾಗ ಬಂದ್ಲು, ಕಟ್ಟೆ ಮೇಲೆ ಕುಂತೋನಿಗೇ ತಿಳೀಲಿಲ್ಲ ಅಂದ್ರೆ ಹೆಂಗೆ? ಊರೋರಿಗೆ ಏನಂತ ಹೇಳೋದು?"

ಅವನು ಎದ್ದು ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಹಿತ್ತಾಳೆಯ ಗಂಟೆಯಿತ್ತು. ಹಿಂಡಿನ ಮುಂದೆ ನಡೆಯುತ್ತಿದ್ದ ಮುದಿ ಟಗರಿನದು. ಟಗರು ಸತ್ತು ಎರಡು ವರ್ಷವಾಗಿದ್ದರೂ ಗಂಟೆ ಮೊಳೆಗೆ ತೂಗುತ್ತಿತ್ತು. ಉಣ್ಣೆಯ ಕರಿ ದಾರದಲ್ಲಿ ಅದನ್ನು ಗಾಡಿಯ ಹ್ಯಾಂಡಲಿಗೆ ಬಿಗಿದು, ಕುರಿಗಾರರು ಹಾಕುವ ಕುಣಿಕೆ ಹಾಕಿದ. ಆ ಕುಣಿಕೆಯನ್ನು ಬಿಚ್ಚಬಹುದು. ಆದರೆ ಮತ್ತೆ ಅದೇ ತರಹ ಕಟ್ಟಲು ಆ ಮನೆಯಲ್ಲಿ ಇನ್ನಾರಿಗೂ ಬಾರದು. ಅರುಣಾಳಿಗೆ ಅದು ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು.

ಮಾರುತಿ ಹ್ಯಾಂಡಲ್ ಅಲುಗಿಸಿ ನೋಡಿದ. ಗಂಟೆ ಚೆನ್ನಾಗಿ ಕೇಳಿಸುತ್ತದೆಂದು ತಜ್ಞಾಭಿಪ್ರಾಯ ಕೊಟ್ಟ. ವಿನೋದ್ ಜೋರಾಗಿ ನಕ್ಕ. ಎರಡು ದಿನದಲ್ಲಿ ಅವನಿಗೆ ಸಿಕ್ಕಿದ ಗೆಲುವು ಅದೊಂದೇ.

ಸಾವಂತ್ರಮ್ಮ ಸೊಸೆಯ ಬಳಿ ಬಂದು, ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಮೆಲ್ಲಗೆ ಹೇಳಿದಳು: "ನನ್ ಮದ್ವೆ ಆದಾಗ ಕಾಲಿಗೆ ಗೆಜ್ಜೆ ಹಾಕ್ಸಿದ್ರು ಕಣವ್ವ. ಒಂದೆರಡು ವರ್ಷ ಅಷ್ಟೆ. ಆಮೇಲೆ ನಮಗೇ ಕೇಳ್ಸಲ್ಲ."

ವಿನಯ್ ಕುಮಾರ್ ಫಾರಂ ತುಂಬಿದ. ವೇಗ: ಉತ್ತಮ. ಚಾರ್ಜು: ಉತ್ತಮ. ಸವಾರರು ಸೂಚಿಸುವ ಸುಧಾರಣೆ ಎಂಬಲ್ಲಿ ಕೊಂಚ ಹೊತ್ತು ಪೆನ್ನು ತಡೆದು, ಏನೂ ಇಲ್ಲ ಎಂದು ಬರೆದು, ಅರುಣಾಳ ಕಡೆ ಚಾಚಿದ. ಅವಳು ಸಹಿ ಹಾಕಿದಳು.

ಸೋಮವಾರ ಎಂಟಕ್ಕೆ ಅವಳು ಹೊರಟಾಗ ಬೀದಿಯ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ಊರ ಹೊರಗೆ ಸಣ್ಣತಿಮ್ಮಪ್ಪನ ಕುರಿಗಳು ರಸ್ತೆಯ ಪಕ್ಕ ಮೇಯುತ್ತಿದ್ದವು. ಗಂಟೆಯ ಸದ್ದಿಗೆ ಎಲ್ಲವೂ ಒಟ್ಟಿಗೆ ತಲೆಯೆತ್ತಿದವು. ಮೊದಲು ಎರಡು, ಆಮೇಲೆ ಹತ್ತು, ಆಮೇಲೆ ಇಡೀ ಹಿಂಡು ಸಾಲುಗಟ್ಟಿ ಅವಳ ಹಿಂದೆ ನಡೆಯತೊಡಗಿತು. ಸಣ್ಣತಿಮ್ಮಪ್ಪ ಕೋಲೆತ್ತಿ ಕೂಗುತ್ತಾ ಮೋರಿಯ ತನಕ ಓಡಿಬಂದು ಅವನ್ನು ಹಿಂದಕ್ಕೆ ತಿರುಗಿಸಿಕೊಂಡ.

ಹತ್ತಕ್ಕೆ ಮೊದಲೇ ಅರುಣಾ ಜಗಳೂರು ಮುಟ್ಟಿದಳು. ಕೆಲಸ ಅವಳಿಗೇ ಸಿಕ್ಕಿತು.