ನನ್ನ ಮೂರನೆಯ ಕೋಣೆ

ನಾನು ಒಂದು ಹಾರ್ಡ್ ಡಿಸ್ಕ್. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟವರ ಕೈಯಲ್ಲಿ. ಧೂಳಿನ ಕಣ ಸೋಕದಂತೆ ನನ್ನ ಹೊಟ್ಟೆಯೊಳಗೆ ಕನ್ನಡಿಯಂಥ ತಟ್ಟೆಯೊಂದನ್ನು ಕೂರಿಸಿ, ಮುಚ್ಚಳ ಬಿಗಿದು, ಹಣೆಗೆ ಚೀಟಿ ಅಂಟಿಸಿದರು. ನಲವತ್ತು ಜಿಬಿ, ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಜಂಪರ್ ಎಲ್ಲಿ ಹಾಕಿದರೆ ಏನಾಗುತ್ತದೆ ಎಂಬ ಚಿತ್ರ. ಹೆಂಗಸರು ತೊಡುವ ಜಂಪರ್ ಅಲ್ಲ; ನನ್ನ ಬೆನ್ನಿನ ಎರಡು ಪಿನ್ನುಗಳನ್ನು ಕೂಡಿಸುವ, ಅಕ್ಕಿಕಾಳಿಗಿಂತ ತುಸು ದಪ್ಪನೆಯ ಟೊಪ್ಪಿಗೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದಾಗ, ಒಂದು ಕಡೆ ಹಾಕಿದರೆ ನಾನು ಯಜಮಾನ, ಇನ್ನೊಂದು ಕಡೆ ಹಾಕಿದರೆ ಆಳು. ಮತ್ತೊಂದು ಕಡೆ ಹಾಕಿದರೆ ನನ್ನ ಅಳತೆಯನ್ನೇ ಕಡಿಮೆ ಹೇಳಬೇಕು. ಆ ಚೀಟಿಯನ್ನು ಹೊತ್ತಿಗೆ ಸರಿಯಾಗಿ ಯಾರಾದರೂ ಓದಿದ್ದರೆ ನಾನು ಇಷ್ಟು ದಣಿಯುತ್ತಿರಲಿಲ್ಲ.

ನನ್ನನ್ನು ಕೊಂಡವರು ಗುಳೇದಗುಡ್ಡದ ಮುರಿಗೆಪ್ಪ. ಕುಪ್ಪಸದ ಖಣಕ್ಕೆ ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ವಿನ್ಯಾಸ ಬಿಡಿಸಿ ನೇಕಾರರಿಗೆ ಕೊಡುವುದು ಅವರ ಕೆಲಸ. ಅವರು ನನ್ನಲ್ಲಿ ಮೂರು ಕೋಣೆ ಮಾಡಿದರು. ಮೊದಲನೆಯದು ಕಂಪ್ಯೂಟರ್ ನಡೆಯಲು, ಎರಡನೆಯದು ಭಜನೆ ಪದಗಳಿಗೆ. ಕೊನೆಯ ಎಂಟು ಜಿಬಿಯ ಮೂರನೆಯ ಕೋಣೆ ವಿನ್ಯಾಸಗಳಿಗೆ.

ಒಂದು ದಿನ ನೇಕಾರಳಾದ ನೀಲವ್ವ ಸೆರಗಿನಲ್ಲಿ ಹರಕು ಕುಪ್ಪಸವೊಂದನ್ನು ಕಟ್ಟಿಕೊಂಡು ಬಂದಳು.

"ಯಣ್ಣಾ, ನಮ್ಮವ್ವ ತಾನ ತಗದು ನೇಯ್ದ ತೊಟ್ಟಿಲ ಚಿತ್ತಾರ ಇದು. ಪೂರ್ತಿ ಹರದು ಹೋಗೂದ್ರಾಗ ನಿಮ್ಮ ಕಂಪ್ಯೂಟರಿಗೆ ಇಳಿಸ್ರಿ."

ಮುಟ್ಟಿದರೆ ಉದುರುವ ಬಟ್ಟೆ. ಮುರಿಗೆಪ್ಪ ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಕಂಡದ್ದನ್ನು ಕಂಡಂತೆ ಎರಡು ತಿಂಗಳು ಬಿಡಿಸಿದರು. ತೊಟ್ಟಿಲಿನ ಎಡಗಡೆಯ ಹಗ್ಗಕ್ಕೆ ಒಂಬತ್ತು ಚೌಕ, ಬಲಗಡೆಯದಕ್ಕೆ ಎಂಟು. ಅದು ಅವರ ಗಮನಕ್ಕೂ ಬರಲಿಲ್ಲ, ನೀಲವ್ವನ ಗಮನಕ್ಕೂ ಬರಲಿಲ್ಲ. ನನಗೆ ಗೊತ್ತಿತ್ತು. ಆದರೆ ತಿದ್ದುವುದು ನನ್ನ ಕೆಲಸವಲ್ಲ, ಇಟ್ಟುಕೊಳ್ಳುವುದಷ್ಟೇ. ಬಿಡಿಸಿ ಮುಗಿಯುವ ಹೊತ್ತಿಗೆ ಕುಪ್ಪಸ ಎಳೆಎಳೆಯಾಗಿತ್ತು. ನೀಲವ್ವ ಆ ವಿನ್ಯಾಸಕ್ಕೆ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ತೂತಿನ ಕಾರ್ಡು ಹೊಡೆಸಿ ಮಗ್ಗಕ್ಕೇರಿಸಿ ನೇಯ್ದಳು. ನೇಯ್ದದ್ದೆಲ್ಲ ಮಾರಾಟವಾಯಿತು. ಕಾರ್ಡು ಇವೆಯಲ್ಲ ಎಂಬ ಧೈರ್ಯಕ್ಕೆ ತನಗೆಂದು ಒಂದು ತುಂಡನ್ನೂ ಉಳಿಸಿಕೊಳ್ಳಲಿಲ್ಲ.

ಮುಂದೆ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟಿತು. ಉಳಿದವನು ನಾನೊಬ್ಬ. ನನ್ನನ್ನು ಯಾರೋ ಬಿಟ್ಟ ಇನ್ನೂ ಹಳೆಯ ಯಂತ್ರಕ್ಕೆ ಸೇರಿಸಿದರು. ನಾನು ನಲವತ್ತು ಎಂದೊಡನೆ ಅದು ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟಿತು. ಬಂದ ಮೆಕ್ಯಾನಿಕ್ ನನಗೆ ಇನ್ನೊಂದು ಟೊಪ್ಪಿಗೆ ಹಾಕಿದ. ಅಂದಿನಿಂದ ನಾನು ಮೂವತ್ತೆರಡು ಎಂದೇ ಹೇಳಬೇಕಾಯಿತು. ಯಂತ್ರ ನಡೆಯಿತು, ಮೂರನೆಯ ಕೋಣೆ ಕಾಣದಾಯಿತು. ಮುರಿಗೆಪ್ಪ ಗಾಬರಿಯಿಂದ ಫೋನು ಮಾಡಿದರೆ ಅವನು, "ಸಿಡಿಲು ಬಡದೈತಲ್ರೀ, ತುದಿ ಕೆಟ್ಟಿರಬೇಕು" ಎಂದು ಕೈ ತೊಳೆದುಕೊಂಡ.

ಆ ಮಳೆಗಾಲದಲ್ಲೇ ನೀಲವ್ವನ ಕಾರ್ಡುಗಳನ್ನು ಇಲಿ ತಿಂದವು. ಅವಳು ಓಡಿ ಬಂದಳು. ಮುರಿಗೆಪ್ಪ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ನೆನಪಿನಿಂದಲೇ ತೊಟ್ಟಿಲನ್ನು ಮತ್ತೆ ಬಿಡಿಸಿ ಅವಳ ಮನೆಗೆ ಒಯ್ದರು, ಒಂದಲ್ಲ, ಮೂರು ಸಲ. ಮೂರನೆಯ ಸಲ ಅವಳು ಆ ಹಾಳೆಯನ್ನು ವಾಪಸು ಹಿಡಿದುಕೊಂಡೇ ಬಂದಳು.

"ಚಂದ ಐತಿ ಯಣ್ಣಾ. ಆದ್ರ ನಮ್ಮವ್ವಂದಲ್ಲ."

"ಏನು ಕಮ್ಮಿ ಆಗೇತಿ ಹೇಳ ತಂಗೀ."

"ಗೊತ್ತಿದ್ರ ಹೇಳ್ತಿದ್ದಿಲ್ಲೇನು?"

ಹಾಳೆಯನ್ನು ಮೇಜಿನ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ. ಮುರಿಗೆಪ್ಪ ಅಂದು ಊಟ ಮಾಡಲಿಲ್ಲ. ಅವರಿಂದ ಮೂರು ಮೊಳ ದೂರದಲ್ಲಿ, ಆ ತೊಟ್ಟಿಲನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ನಾನು ಸುಮ್ಮನೆ ತಿರುಗುತ್ತಿದ್ದೆ. ಬಾಯಿಗೆ ಬೀಗ ಬಿದ್ದವನು ಏನು ಮಾಡಲಿ? ನನ್ನ ಮೇಲೆ ನನಗೇ ಬೇಸರವಾಗಿತ್ತು.

ಆ ಯಂತ್ರವೂ ಸತ್ತಿತು. ನನ್ನನ್ನು ಸ್ಕ್ರೂ, ವೈರುಗಳ ಜೊತೆ ತಗಡಿನ ಟ್ರಂಕಿಗೆ ಹಾಕಿದರು. ನನ್ನ ಬಾಯಿಗೆ ಬೀಗ ಬಿದ್ದಲ್ಲಿಂದ ಲೆಕ್ಕ ಹಿಡಿದರೆ ಹನ್ನೊಂದು ವರ್ಷ ಕಳೆದಿತ್ತು. ದಸರಾ ರಜೆಗೆ ಮನೆಗೆ ಬಂದಿದ್ದ ಮುರಿಗೆಪ್ಪನವರ ಮಗಳು ಶಶಿಕಲಾ ಆ ಟ್ರಂಕು ತೆಗೆದಳು. ಅವಳು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವಳು. ನನ್ನ ಹಣೆಯ ಧೂಳು ಒರೆಸಿ, ಚೀಟಿ ಓದಿದಳು. ಪೂರ್ತಿ ಓದಿದಳು.

"ಅಪ್ಪಾ, ಇದಕ್ಕ ಅಳತಿ ಕಮ್ಮಿ ತೋರಸೂ ಜಂಪರ್ ಯಾಕ ಹಾಕೀರಿ?"

"ನಾ ಎಲ್ಲಿ ಹಾಕೀನವ್ವಾ, ಮೆಕ್ಯಾನಿಕ್ ಹಾಕಿದ್ದು. ತುದಿ ಕೆಟ್ಟೈತಿ ಅಂದಿದ್ದ."

"ಕೆಟ್ಟಿಲ್ಲಪ್ಪಾ, ಮುಚ್ಚ್ಯಾನ."

ಚಿಮಟದಿಂದ ಆ ಟೊಪ್ಪಿಗೆ ಕಿತ್ತು, ನನ್ನನ್ನು ತನ್ನ ಲ್ಯಾಪ್‌ಟಾಪಿಗೆ ಸೇರಿಸಿದಳು. ಮೊಣಕಾಲು ಹಿಡಿದವರಂತೆ ನರಳುತ್ತ ತಿರುಗತೊಡಗಿದೆ. ಲ್ಯಾಪ್‌ಟಾಪು ಅಳತೆ ಕೇಳಿತು. ನಲವತ್ತು ಎಂದೆ. ಮೂರನೆಯ ಕೋಣೆ ತೆರೆಯಿತು, ತೊಟ್ಟಿಲು ಪರದೆಯ ಮೇಲೆ ಬಂತು.

ಮುರಿಗೆಪ್ಪ ಚಪ್ಪಲಿ ಮೆಟ್ಟದೆ ಓಡಿದರು. ಹನ್ನೊಂದು ವರ್ಷ ಈ ಹೊಸ್ತಿಲು ತುಳಿಯದ ನೀಲವ್ವ ಅವರ ಹಿಂದೆಯೇ ಬಂದಳು. ಶಶಿಕಲಾ ಮುದ್ರಿಸಿ ನೆಲದ ಮೇಲೆ ಹರಡಿದ ಹಾಳೆಯ ಮುಂದೆ ಕುಳಿತು, ನೇಕಾರರ ರೂಢಿಯಂತೆ ಬೆರಳಿಟ್ಟು ಚೌಕ ಎಣಿಸಿದಳು. ಬಲಗಡೆಯ ಹಗ್ಗದಲ್ಲಿ ಬೆರಳು ನಿಂತಿತು.

"ಇಲ್ನೋಡ್ರಿ, ಇದೊಂದು ಹಗ್ಗ ಗಿಡ್ಡ ಐತಿ. ತೊಟ್ಟಿಲು ವಾಲೇತಿ. ನಮ್ಮವ್ವ ಎಣಸೂದ್ರಾಗ ತಪ್ಯಾಳ!"

"ಮೂರು ಸರ್ತೀನೂ ನಾ ಎರಡೂ ಕಡೆ ಸಮ ಮಾಡಿ ತಂದಿದ್ನೆಲ್ಲ, ತಂಗೀ."

"ಹೂಂ, ಅದಕ್ಕ ಬ್ಯಾಡಂದಿದ್ದೆ." ನಗುತ್ತಲೇ ಅವಳು ಸೆರಗನ್ನು ಕಣ್ಣಿಗೊತ್ತಿಕೊಂಡಳು.

ಶಶಿಕಲಾ ನನ್ನಲ್ಲಿದ್ದದ್ದನ್ನೆಲ್ಲ ಬೆರಳಿನಷ್ಟು ಪೆನ್ ಡ್ರೈವಿಗೆ ಇಳಿಸಿಕೊಂಡಳು. ನೀಲವ್ವ ನನ್ನನ್ನು ಕೇಳಿ ಪಡೆದಳು. ಈಗ ನಾನು ಅವಳ ಮಗ್ಗದ ಪಕ್ಕ, ಫ್ಯಾನಿನ ಗಾಳಿಗೆ ಆ ಹಾಳೆ ಹಾರದಂತೆ ಅದರ ಮೇಲೆ ಕುಳಿತಿದ್ದೇನೆ. ಯಜಮಾನನೋ ಆಳೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಬಹಳ ದಣಿದಿದ್ದೇನೆ, ಇನ್ನು ತಿರುಗುವ ಆಸೆಯಿಲ್ಲ. ಒಬ್ಬ ತಾಯಿಯ ಒಂದು ತಪ್ಪನ್ನು ಕೆಡದಂತೆ ಕಾಯ್ದುಕೊಟ್ಟೆ. ನನಗಷ್ಟು ಸಾಕು.