ಸಾವಿರ ಅತ್ತೆಯರ ಸೊಸೆ

ತಾನು ಪರೀಕ್ಷಿಸುತ್ತಿರುವ ಜಾಲತಾಣ ಕುಸಿದುಬಿದ್ದರೆ ಚಪ್ಪಾಳೆ ತಟ್ಟಿ ನಗುವ ಹೆಂಗಸನ್ನು ನಾನು ಕಂಡದ್ದು ನಮ್ಮ ಕಚೇರಿಯಲ್ಲೇ. ಮೊಣಕೈ ಸವೆದ ಕಂದು ಕೋಟು, ನಡಿಗೆಯೋ, ಯಾರಾದರೂ ಮೊಬೈಲು ಒತ್ತುತ್ತಿದ್ದರೆ ತಟ್ಟನೆ ನಿಂತು, ಸಂಕೋಚವಿಲ್ಲದೆ ಇಣುಕಿ, "ಆಮೇಲೆ? ಆಮೇಲೇನ್ ಮಾಡ್ತೀರಿ?" ಎಂದು ಕೇಳಿ ಮುಂದೆ ಸಾಗುವಂಥದ್ದು. ಜನ ಒಮ್ಮೆಲೇ ಮುತ್ತಿದರೆ ತಾಣ ತಡೆದೀತೇ ಎಂದು ತಿಳಿಯಲು ಕಂಪ್ಯೂಟರಿನೊಳಗೆ ಹುಸಿ ಬಳಕೆದಾರರನ್ನು ಸೃಷ್ಟಿಸಿ ನುಗ್ಗಿಸುವುದು ಅವಳ ಉದ್ಯೋಗ. ಉಳಿದವರ ಹುಸಿ ಜನ ಕವಾಯತಿನವರಂತೆ ಶಿಸ್ತಾಗಿ ಬಂದು ಹೋದರೆ, ಇವಳ ಸೃಷ್ಟಿಯಲ್ಲಿ ಒಬ್ಬ ಸಿಡುಕಿನಿಂದ ಗುಂಡಿಯನ್ನು ಮತ್ತೆಮತ್ತೆ ಒತ್ತುತ್ತಾನೆ, ಇನ್ನೊಬ್ಬಳು ಅರ್ಧಕ್ಕೇ ಬಿಟ್ಟು ಒಲೆಯ ಮೇಲಿನ ಹಾಲು ನೋಡಲು ಎದ್ದುಹೋಗುತ್ತಾಳೆ.

ಬಹುಕಾಲ ಮುಚ್ಚಿದ್ದ ನಾಟಕಮಂದಿರವೊಂದು ಮರಳಿ ತೆರೆಯಲಿತ್ತು. ಅದರ ಟಿಕೆಟ್ ತಾಣವನ್ನು ಕಟ್ಟಿದವನು ಪಕ್ಕದ ಮೇಜಿನವನು, ಅಂದರೆ ಅವಳ ಗಂಡನೇ. ಮರುದಿನ ಬೆಳಿಗ್ಗೆ ಮಾರಾಟ ಶುರುವೆಂದು ಊರೆಲ್ಲ ಸಾರಿಯಾಗಿತ್ತು. ಮೊದಲ ದಿನವೇ ತಾಣ ಕೈಕೊಟ್ಟರೆ ಮಂದಿರದವರ ಮುಂದೆ ಅವನು ತಲೆಯೆತ್ತುವಂತಿರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದು ಅವನು ನಿಟ್ಟುಸಿರು ಬಿಡುವಷ್ಟರಲ್ಲಿ ಇವಳು, "ಒಂದ್ನಿಮಿಷ, ನಿಮ್ಮಮ್ಮನ್ನ ಬಿಡ್ತೀನಿ" ಎಂದಳು.

ಅತ್ತೆ ಸಿನಿಮಾಕ್ಕೆ ಸೀಟು ಆರಿಸುವ ವೈಖರಿಯನ್ನು ಅವಳು ಪಕ್ಕದಲ್ಲೇ ಕುಳಿತು ಕಣ್ತುಂಬಿಕೊಂಡಿದ್ದಳು: ದುಡ್ಡು ಕಟ್ಟದೆಯೇ ಮುಂದಿನ ಸಾಲಿನಲ್ಲಿ ಆರು ಕುರ್ಚಿ ಹಿಡಿದಿಟ್ಟು ತಂಗಿಗೊಂದು ಫೋನು, ನಾದಿನಿಗೊಂದು ಫೋನು; ಕತ್ತು ನೋಯುತ್ತದೆಂದು ಹಿಂದಿನ ಸಾಲಿನಲ್ಲಿ ಇನ್ನಾರು, ಮೊದಲಿನದನ್ನು ಬಿಡದೆಯೇ. ಅಂಥ ಸಾವಿರ ಹುಸಿ ಅತ್ತೆಯರು ಒಟ್ಟಿಗೆ ಒಳನುಗ್ಗಿದರು. ಒಂದು ಟಿಕೆಟ್ಟೂ ಮಾರಾಟವಾಗದೆ ಮಂದಿರ ಭರ್ತಿಯಾಯಿತು. ಸೀಟು ಸಿಗದವರು ಒತ್ತೀ ಒತ್ತೀ ತಾಣ ಅಂಗಾತ ಮಲಗಿತು. ಚಪ್ಪಾಳೆ!

"ಯಾರೂ ಹೀಗೆ ಮಾಡಲ್ಲ ಕಣೇ!" ಗಂಡನ ಮುಖ ಕೆಂಪಾಯಿತು.

"ಫೋನ್ ಮಾಡಿ ಅವರನ್ನೇ ಕೇಳಿ."

ಅವನು ಎಲ್ಲರಿಗೂ ಕೇಳುವಂತೆಯೇ ಮಾಡಿದ. "ಆಮೇಲೆ ಮಾಡೋ ಮಗನೇ," ಎಂದರು ತಾಯಿ. "ನಾಳೆ ಸೀಟು ಹಿಡಿಯೋದು ಹೇಗೇಂತ ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಡ್ತಾ ಇದೀನಿ!"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಗೆ ಅವನೂ ನಕ್ಕ. ಸಂಜೆಯೊಳಗೆ ಗಂಡಹೆಂಡತಿ ಕೂತು, ಹೊಸ ಸೀಟು ಹಿಡಿದರೆ ಹಳೆಯದು ತಾನಾಗಿ ಬಿಟ್ಟುಹೋಗುವಂತೆ ಮಾಡಿದರು. ಮರುದಿನ ಬೆಳಿಗ್ಗೆ ಜನ ಮುಗಿಬಿದ್ದರೂ ತಾಣ ಜಪ್ಪಯ್ಯ ಅಂದರೂ ಕುಸಿಯಲಿಲ್ಲ. ಮಂದಿರ ತುಂಬಿತು, ಈ ಸಲ ನಿಜವಾಗಿ. ಅವನು ಎಲ್ಲರೆದುರೇ ಅವಳ ಕೈ ಹಿಡಿದು ಕುಲುಕಿದ. ನನಗೂ ಕಣ್ಣು ಒದ್ದೆಯಾಯಿತು.

ಜನ ಮೊದಲು ತಿದ್ದಿಕೊಳ್ಳಲಿ, ಆಮೇಲೆ ಲೋಕವನ್ನು ಚೆನ್ನಾಗಿ ಕಟ್ಟೋಣ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇವಳಂಥವರು ಅಪರೂಪ: ನಮ್ಮ ಹಠ, ಅವಸರ, ಅನುಮಾನಗಳನ್ನೆಲ್ಲ ಅಕ್ಕರೆಯಿಂದ ನೋಡಿ, ಮನಸಾರೆ ನಕ್ಕು, ನಾವು ಬರುವ ಮುಂಚೆಯೇ ಅವುಗಳಿಗೂ ಒಂದು ಕುರ್ಚಿ ಹಾಕಿಟ್ಟಿರುತ್ತಾರೆ.